ಹೊಯ್ಸಳರ ‘ತಳಕಾಡುಗೊಂಡ’ ಚಿನ್ನದ ನಾಣ್ಯ ಹರಾಜಿಗೆ ಬಂದಿದೆ, ಕೂಗಬಹುದಾ?

ಹೊಯ್ಸಳಕಾಸು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಹರಾಜಿನ ಕ್ಯಾಟಲಾಗ್ ಕೈಗೆ ಬಂತು. ಅದರಲ್ಲಿ ವಿಷ್ಣುವರ್ಧನನ ಚಿನ್ನದ ಗದ್ಯಾಣ ಒಂದಿದೆ. ಒಂದು ಬದಿಯಲ್ಲಿ ಬಲಕ್ಕೆ ಮುಖ ಮಾಡಿದ ಕೇಸರವಿರುವ ಸಿಂಹ, ಅದರ ಮೇಲೆ ಇನ್ನೊಂದು ಪುಟ್ಟ ಸಿಂಹ, ಜೊತೆಗೆ ಸೂರ್ಯ ಚಂದ್ರ. ಇನ್ನೊಂದು ಬದಿಯಲ್ಲಿ ಮೂರು ಸಾಲಿನಲ್ಲಿ ಹಳೆಗನ್ನಡ ಅಕ್ಷರ: ಶ್ರೀ ತಳಕಾಡುಗೊಂಡ, ಅಂದರೆ ತಲಕಾಡನ್ನು ಗೆದ್ದುಕೊಂಡವನು. ತೂಕ 3.98 ಗ್ರಾಂ ಅಂತ ಕೊಟ್ಟಿದ್ದಾರೆ.

ವಿಜಯನಗರದ ವರಾಹಗಳು ನನ್ನ ಹತ್ತಿರ ಇವೆ. ಕಂಠೀರವ ಹಣಗಳೂ ಇವೆ. ಅವು ಹುಡುಕಿದರೆ ಸಿಗುತ್ತವೆ. ಇದು ಹಾಗಲ್ಲ. ಈ ನಾಣ್ಯಕ್ಕಾಗಿ ಬಹಳ ವರ್ಷಗಳಿಂದ ದುಡ್ಡು ಕೂಡಿಟ್ಟಿದ್ದೇನೆ. ಆರಂಭದ ಬೆಲೆಯೇ ಅದರೊಳಗಿನ ಚಿನ್ನದ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಕೂಗುವ ಮೊದಲು ಏನೇನು ನೋಡಬೇಕು, ಯಾವ ಪ್ರಶ್ನೆ ಕೇಳಬೇಕು? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಶಾಸನಪ್ರಿಯೆ

ಓದಿಯೇ ಮೈ ಜುಮ್ಮೆಂದಿತು. ಹರಾಜಿನ ಮಾತು ಬಲ್ಲವರು ಹೇಳಲಿ. ಆ ಮೂರು ಸಾಲಿನ ಹಿಂದೆ ಏನಿದೆ ಅಂತ ನಾನು ಹೇಳುತ್ತೇನೆ.

ತಲಕಾಡು ಗಂಗರ ರಾಜಧಾನಿ. ಸುಮಾರು 1004ರಲ್ಲಿ ರಾಜರಾಜ ಚೋಳನ ಕಾಲದಲ್ಲಿ ಅದು ಚೋಳರ ಕೈಗೆ ಹೋಯಿತು. ಹೆಸರೂ ರಾಜರಾಜಪುರ ಅಂತ ಬದಲಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಗಂಗವಾಡಿ ಚೋಳರದ್ದೇ. 1116ರ ಹೊತ್ತಿಗೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅಲ್ಲಿದ್ದ ಚೋಳರ ಅಧಿಕಾರಿ ಆದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದುಕೊಂಡ. ಶ್ರವಣಬೆಳಗೊಳದ ಗೊಮ್ಮಟನ ಸುತ್ತಾಲಯ (ಸುತ್ತಲಿನ ಆವರಣ) ಕಟ್ಟಿಸಿದವನೂ ಇದೇ ಗಂಗರಾಜ. ಗೆಲುವಿನ ಬೆನ್ನಲ್ಲೇ ತಲಕಾಡಿನಲ್ಲಿ ಕೀರ್ತಿನಾರಾಯಣ, 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವ. ಈ ಗೆಲುವು ವಿಷ್ಣುವರ್ಧನನಿಗೆ ಎಷ್ಟು ದೊಡ್ಡದಾಗಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಆಗ ಅವನು ಸ್ವತಂತ್ರ ರಾಜ ಆಗಿರಲಿಲ್ಲ ಅನ್ನೋದನ್ನ ಮರೆಯಬಾರದು. ಶಾಸನಗಳಲ್ಲಿ ಅವನು ಮಹಾಮಂಡಳೇಶ್ವರ. ಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯ ಇದ್ದ. ಹೊಯ್ಸಳರು ಪೂರ್ತಿ ಸ್ವತಂತ್ರರಾದದ್ದು ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಹೀಗಿರುವಾಗ ಒಬ್ಬ ಸಾಮಂತ ತನ್ನ ಗೆಲುವನ್ನು ಚಿನ್ನದ ಮೇಲೆ ಒತ್ತಿ, ತನ್ನ ಒಡೆಯನ ಹೆಸರನ್ನು ಅದರಲ್ಲಿ ಹಾಕದೆ ಹೊರಡಿಸಿದ್ದಾನೆ. ಆ ಧೈರ್ಯ ನೋಡಿ! 4 ಗ್ರಾಂ ತೂಕದ ಶಾಸನ ಇದು.

ಸಂತೆಪೇಟೆ

ಇದೇ ತರಹದ್ದು ‘ನೊಳಂಬವಾಡಿಗೊಂಡ’ ಅಂತ ಬರೆದಿರೋದೂ ಇದೆ ಅಲ್ವಾ? ಎರಡರಲ್ಲಿ ಯಾವುದು ಅಪರೂಪ?

ಶಾಸನಪ್ರಿಯೆ

ಹೌದು, ಇದೆ. ನೊಳಂಬವಾಡಿ ಅಂದರೆ ಈಗಿನ ಚಿತ್ರದುರ್ಗ, ತುಮಕೂರು, ಬಳ್ಳಾರಿ ಕಡೆಯ ಸೀಮೆ. ಆ ಗೆಲುವಿನ ಹೆಸರಲ್ಲಿ ಹೊರಬಂದ ನಾಣ್ಯ ಅದು. ‘ಮಲಪರೊಳ್ ಗಂಡ’ (ಮಲೆನಾಡಿನ ಒಡೆಯರಲ್ಲಿ ಶೂರ) ಅಂತ ಬಿರುದು ಇರುವ ನಾಣ್ಯವೂ ಇದೆ. ಯಾವುದೂ ಸುಲಭಕ್ಕೆ ಸಿಗುವಂಥದ್ದಲ್ಲ.

ತಕ್ಕಡಿ

ಹೊಯ್ಸಳಕಾಸು ಸರ್, ತೂಕ ಸರಿಯಾಗೇ ಇದೆ. ಈ ನಾಣ್ಯಗಳು 4 ಗ್ರಾಂ ಆಸುಪಾಸಲ್ಲೇ ಬರುತ್ತವೆ. ಆದರೆ ತೂಕ ಒಂದನ್ನೇ ನಂಬಬೇಡಿ. ನಕಲಿ ಮಾಡುವವನ ಮನೆಯಲ್ಲೂ ತಕ್ಕಡಿ ಇರುತ್ತದೆ.

ಸಾಂದ್ರತೆ ನೋಡಿ. ನೀರಿನದ್ದು 1 ಅಂತ ಇಟ್ಟುಕೊಂಡರೆ ಶುದ್ಧ ಚಿನ್ನ 19.3, ಬೆಳ್ಳಿ 10.5, ತಾಮ್ರ 9ರ ಹತ್ತಿರ, ಸೀಸ 11.3. ನಾಣ್ಯವನ್ನು ಗಾಳಿಯಲ್ಲಿ ಒಮ್ಮೆ ತೂಗಿ, ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಬೇಕು. ಎರಡರ ವ್ಯತ್ಯಾಸದಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಒಳಗೆ ತಾಮ್ರ ಇಟ್ಟು ಮೇಲೆ ಚಿನ್ನದ ಲೇಪ ಕೊಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಾಣ್ಯ ಇಷ್ಟು ಚಿಕ್ಕದಾದರೆ ಸಾಮಾನ್ಯ ಪಾಕೆಟ್ ತಕ್ಕಡಿ ಸಾಲದು. 3.98 ಗ್ರಾಂ ನಾಣ್ಯ ನೀರಲ್ಲಿ ಕಳೆದುಕೊಳ್ಳುವ ತೂಕ 0.22 ಗ್ರಾಂ ಇದ್ದರೆ ಸಾಂದ್ರತೆ 18.1. ತಕ್ಕಡಿ ಒಂದೇ ಒಂದು ಅಂಕಿ ಆಚೀಚೆ ಆಗಿ 0.21 ತೋರಿಸಿದರೆ 18.95, 0.23 ತೋರಿಸಿದರೆ 17.3. ಅಂದರೆ ಒಳ್ಳೆಯ ಚಿನ್ನಕ್ಕೂ ಬೆರಕೆ ಚಿನ್ನಕ್ಕೂ ನಡುವಿನ ಇಡೀ ಅಂತರ ಒಂದು ಅಂಕಿಯಲ್ಲಿ ಮಾಯ. ಮಿಲಿಗ್ರಾಂ ತೋರಿಸುವ ತಕ್ಕಡಿಯೇ ಬೇಕು.

ಎಕ್ಸ್‌ರೇ ಯಂತ್ರದಲ್ಲಿ ಲೋಹದ ಪರೀಕ್ಷೆ ಮಾಡಿಸಿದ ಚೀಟಿ ಕೊಟ್ಟರೆ ಒಳ್ಳೆಯದೇ. ಆದರೆ ಆ ಯಂತ್ರ ಓದುವುದು ಮೇಲಿನ ತೆಳು ಪದರವನ್ನು ಮಾತ್ರ. ಎರಡೂ ಪರೀಕ್ಷೆ ಜೊತೆಗಿದ್ದರೆ ಸಮಾಧಾನ.

ಅಕ್ಕಸಾಲಿಮನೆ

ನಮ್ಮ ಮನೆತನದ ಕಸುಬೇ ಚಿನ್ನದ ಕೆಲಸ, ಹಾಗಾಗಿ ಒಂದೆರಡು ಮಾತು.

ತಕ್ಕಡಿ ಅಣ್ಣ ಹೇಳಿದ ಪರೀಕ್ಷೆಗಳೆಲ್ಲ ಲೋಹ ಯಾವುದು ಅಂತ ಹೇಳುತ್ತವೆ. ನಾಣ್ಯ ಯಾವ ಕಾಲದ್ದು ಅಂತ ಹೇಳುವುದಿಲ್ಲ. ಈಗಿನ ಚಿನ್ನವನ್ನು ಹದವಾಗಿ ಬೆರೆಸಿ ಇವತ್ತೇ ಮಾಡಿದ ನಾಣ್ಯವೂ ಆ ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ಅದಕ್ಕೇ ಕೆಲಸದ ರೀತಿ ನೋಡಬೇಕು.

ಹಳೆಯ ನಾಣ್ಯ ಅಚ್ಚಿನ ಮೇಲೆ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಏಟಿಗೆ ಚಿನ್ನ ಅಚ್ಚಿನ ಗುಳಿಯೊಳಗೆ ನುಗ್ಗಿರುತ್ತದೆ. ಅಕ್ಷರದ ಬುಡದಲ್ಲಿ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದದ್ದರಲ್ಲಿ ಆ ಚೂಪು ಬರುವುದಿಲ್ಲ. ಅಕ್ಷರದ ಮೈ ದುಂಡಗೆ, ಸಾಬೂನು ಸವೆದ ಹಾಗೆ ಕಾಣುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿದರೆ ಬಯಲು ಜಾಗದಲ್ಲಿ ಸಣ್ಣ ಸಣ್ಣ ಗುಳಿ ಕಾಣಬಹುದು, ಅದು ಗಾಳಿಗುಳ್ಳೆ. ನಾಣ್ಯದ ಪಕ್ಕದ ಅಂಚನ್ನೂ ತಿರುಗಿಸಿ ತಿರುಗಿಸಿ ನೋಡಿ. ಎರಕದ ಗೆರೆ ಮರೆಮಾಚಲು ಅರ ಹಾಕಿದ್ದರೆ ಅಲ್ಲಿ ಗೀರು ಇರುತ್ತದೆ.

ಇನ್ನೊಂದು. ನಮ್ಮಲ್ಲಿ ಹಳೆಯ ಚಿನ್ನದ ನಾಣ್ಯಕ್ಕೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಳ್ಳುವುದು ರೂಢಿ. ಆಮೇಲೆ ಕೊಂಡಿ ತೆಗೆದು ಉಜ್ಜಿ ಮಾರುತ್ತಾರೆ. ಮೇಲಂಚಿನಲ್ಲಿ ಬಣ್ಣ ಬೇರೆ ಇದೆಯಾ, ಅಂಚಿನ ಸುತ್ತ ಬಳೆಯ ಹಾಗಿರುವ ಚುಕ್ಕಿಗಳ ಸಾಲು ಅಲ್ಲಿ ಮಾತ್ರ ಮಂಕಾಗಿದೆಯಾ ನೋಡಿ. ಹಾಗಿದ್ದರೆ ನಾಣ್ಯ ಅಸಲಿಯೇ ಇರಬಹುದು, ಆದರೆ ಬೆಲೆ ಸಾಕಷ್ಟು ಇಳಿಯಬೇಕು.

ಕಾವೇರಿತೀರ

ನನ್ನ ಮಾತು ನಿಮಗೆ ಬೇಸರ ತರಿಸಬಹುದು, ಕ್ಷಮಿಸಿ. ಆದರೆ ಮನಸ್ಸಲ್ಲಿ ಇಟ್ಟುಕೊಳ್ಳೋಕೆ ಆಗುತ್ತಿಲ್ಲ.

ನಾನು ತಿ. ನರಸೀಪುರದ ಕಡೆಯವನು. ತಲಕಾಡಿನ ಮರಳು ನೋಡಿಕೊಂಡು ಬೆಳೆದವನು. ಪಂಚಲಿಂಗ ದರ್ಶನಕ್ಕೆ ಲಕ್ಷಾಂತರ ಜನ ಬರುತ್ತಾರೆ. ಕೀರ್ತಿನಾರಾಯಣ ದೇವಸ್ಥಾನವನ್ನು ಮರಳು ಸರಿಸಿ ಬಿಡಿಸಿದ್ದಾರೆ. ಅಷ್ಟೊಂದು ಜನರಲ್ಲಿ ಎಷ್ಟು ಮಂದಿ ತಮ್ಮ ಊರಿನ ಹೆಸರು ಹೊತ್ತ ಚಿನ್ನದ ನಾಣ್ಯವನ್ನು ಕಣ್ಣಾರೆ ಕಂಡಿದ್ದಾರೆ? ಅದು ಯಾರದ್ದೋ ಲಾಕರ್‌ನಲ್ಲಿ ಕತ್ತಲಲ್ಲಿ ಇರಬೇಕಾ? ಇಂಥದ್ದು ಮ್ಯೂಸಿಯಂನಲ್ಲಿ ಇರಬೇಕು. ಮಾರಾಟಕ್ಕೆ ಇಡುವುದೇ ನನಗೆ ಸರಿ ಕಾಣುವುದಿಲ್ಲ.

ಹೊಯ್ಸಳಕಾಸು

ಬೇಸರ ಏನಿಲ್ಲ ಕಾವೇರಿತೀರ ಅಣ್ಣ, ನೀವು ಹೇಳಿದ್ದು ನನ್ನನ್ನೂ ಕಾಡುತ್ತದೆ. ನನ್ನ ಹತ್ತಿರ ಇರೋದನ್ನ ಶಾಲೆಗಳಿಗೆ ತಗೊಂಡು ಹೋಗಿ ತೋರಿಸುತ್ತೇನೆ. ಮಕ್ಕಳು ಲೂಪ್ ಹಿಡಿದು ಅಕ್ಷರ ಕೂಡಿಸಿ ಓದುವಾಗ ಅವರ ಮುಖ ನೋಡಬೇಕು. ಇದು ಸಿಕ್ಕರೆ ಮೊದಲು ತಲಕಾಡಿನ ಶಾಲೆಗೇ ತರುತ್ತೇನೆ.

ಮತ್ತೆ ಸಂಗ್ರಾಹಕರು ಕೊಳ್ಳದೇ ಹೋದರೆ ಇಂಥವು ಎಲ್ಲಿಗೆ ಹೋಗುತ್ತವೆ? ಬಹಳಷ್ಟು ಹಳೆಯ ಚಿನ್ನ ಕರಗಿ ಬಳೆಯಾಗಿದೆ. ಅಕ್ಕಸಾಲಿಮನೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅಕ್ಕಸಾಲಿಮನೆ

ನಿಜ. ಹಿಂದೆ ಮೂಸೆಗೆ ಹೋದದ್ದಕ್ಕೆ ಲೆಕ್ಕವೇ ಇಲ್ಲ. ತಂದವರಿಗೂ ಗೊತ್ತಿರಲಿಲ್ಲ, ಕರಗಿಸಿದವರಿಗೂ ಗೊತ್ತಿರಲಿಲ್ಲ.

ಕಾನೂನುಕಟ್ಟೆ

ಮಾಲೀಕತ್ವದ ಮಾತು ಬಂದದ್ದರಿಂದ ಕಾನೂನು ಏನು ಹೇಳುತ್ತದೆ ನೋಡೋಣ.

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಮಾರುವ ವ್ಯಾಪಾರ ಮಾಡಬೇಕಾದರೆ ಲೈಸೆನ್ಸ್ ಬೇಕು. ಹಾಗಾಗಿ ಹರಾಜು ನಡೆಸುವವರ ಲೈಸೆನ್ಸ್ ಇದೆಯಾ ನೋಡಿ. ದೇಶದ ಹೊರಗೆ ಖಾಸಗಿಯವರು ಸಾಗಿಸುವಂತೆಯೇ ಇಲ್ಲ. ಸಾಗಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು, ಜೊತೆಗೆ ದಂಡ. ವಿದೇಶದಲ್ಲಿರುವ ಮಗನಿಗೆ ಉಡುಗೊರೆ ಅಂತ ಬ್ಯಾಗಲ್ಲಿ ಹಾಕಿ ಕಳಿಸುವುದೂ ಇದರಲ್ಲೇ ಬಂತು.

ಎರಡನೆಯದು ನಿಧಿ. ನೆಲ ಅಗೆಯುವಾಗ, ಪಾಯ ತೋಡುವಾಗ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಇದಕ್ಕೆ 1878ರಿಂದ ಕಾಯ್ದೆ ಇದೆ, ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯೂ ಇದೆ. ಬಚ್ಚಿಟ್ಟು ಮಾರಿದರೆ ಮಾರಿದವನಿಗೆ ಮಾತ್ರ ಅಲ್ಲ, ಗೊತ್ತಿದ್ದೂ ಕೊಂಡವನಿಗೂ ತೊಂದರೆ.

ಕಾವೇರಿತೀರ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಹಳೆಯ ಸಂಗ್ರಹದಿಂದ ಬಂದ ನಾಣ್ಯವನ್ನು ಬಿಲ್ ಸಮೇತ ಕೊಂಡು ಇಟ್ಟುಕೊಳ್ಳುವುದು ಅಪರಾಧ ಅಲ್ಲ. ಪ್ರಶ್ನೆ ಒಂದೇ: ಇದು ಎಲ್ಲಿಂದ ಬಂತು? ಅದಕ್ಕೆ ಕಾಗದದಲ್ಲಿ ಉತ್ತರ ಇದೆಯಾ?

ಹೊಯ್ಸಳಕಾಸು

ಇವತ್ತು ಹರಾಜಿನವರಿಗೆ ಫೋನ್ ಮಾಡಿದ್ದೆ. ಲೈಸೆನ್ಸ್ ಇದೆ, ಪ್ರತಿ ಕಳಿಸಿದ್ದಾರೆ. ನಾಣ್ಯ ಎಲ್ಲಿಂದ ಬಂತು ಅಂದರೆ “ಹಳೆಯ ಮನೆತನದ ಸಂಗ್ರಹ” ಅಂತಷ್ಟೇ ಹೇಳಿದರು. ಕಾಗದ ಕೇಳಿದೆ, ನೋಡಿ ಹೇಳುತ್ತೇವೆ ಅಂದರು. ಎರಡೂ ಬದಿಯ ದೊಡ್ಡ ಫೋಟೊ ಮತ್ತು ಪಕ್ಕದ ಅಂಚಿನ ಫೋಟೊ ಕಳಿಸಿದ್ದಾರೆ, ಇಲ್ಲಿ ಹಾಕಿದ್ದೇನೆ. ಕೊಂಡಿಯ ಗುರುತು ನನ್ನ ಕಣ್ಣಿಗೆ ಕಾಣಲಿಲ್ಲ.

ತಕ್ಕಡಿ

“ಹಳೆಯ ಮನೆತನದ ಸಂಗ್ರಹ” ಅನ್ನೋದು ಉತ್ತರವೇ ಅಲ್ಲ ಸರ್. ಯಾವ ನಾಣ್ಯಕ್ಕಾದರೂ ಹೇಳಬಹುದು. ಇಸವಿ ಬೇಕು, ಬಿಲ್ ಬೇಕು, ಇಲ್ಲದಿದ್ದರೆ ಹಳೆಯ ಫೋಟೊ ಬೇಕು.

ಅಕ್ಕಸಾಲಿಮನೆ

ಫೋಟೊ ನೋಡಿದೆ. ‘ಡು’ ಅಕ್ಷರದ ಬುಡ ಚೂಪಾಗಿದೆ. ಚುಕ್ಕಿಗಳ ಬಳೆ ಎಡಗಡೆ ನಾಣ್ಯದಿಂದ ಹೊರಗೆ ಹೋಗಿದೆ, ಏಟು ಸ್ವಲ್ಪ ಎಡಕ್ಕೆ ಬಿದ್ದಿದೆ. ಕೈಯಲ್ಲಿ ಹೊಡೆದದ್ದಕ್ಕೆ ಅದು ಸಹಜ. ಅಂಚಿನಲ್ಲಿ ಅರದ ಗೀರಿಲ್ಲ. ಫೋಟೊದಲ್ಲಿ ಕಂಡ ಮಟ್ಟಿಗೆ ನನಗೆ ಒಳ್ಳೆಯದೇ ಅನ್ನಿಸುತ್ತದೆ. ಕೈಯಲ್ಲಿ ಹಿಡಿಯದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಶಾಸನಪ್ರಿಯೆ

ಕ್ಯಾಟಲಾಗ್‌ನಲ್ಲಿ “ವಿಷ್ಣುವರ್ಧನ” ಅಂತ ದೊಡ್ಡದಾಗಿ ಹಾಕಿದ್ದಾರಲ್ಲ, ಅದರ ಬಗ್ಗೆ ಒಂದು ಮಾತು. ನಾಣ್ಯದ ಮೇಲೆ ರಾಜನ ಹೆಸರೇ ಇಲ್ಲ. ಬಿರುದು ಮಾತ್ರ ಇದೆ. ಇಸವಿಯೂ ಇಲ್ಲ. ತಲಕಾಡು ಗೆದ್ದವನು ವಿಷ್ಣುವರ್ಧನ, ಆದ್ದರಿಂದ ನಾಣ್ಯ ಅವನದ್ದು ಅಂತ ವಿದ್ವಾಂಸರು ಒಪ್ಪಿದ್ದಾರೆ. ನಾನೂ ಒಪ್ಪುತ್ತೇನೆ. ಆದರೆ ಅವನ ನಂತರ ಬಂದ ಹೊಯ್ಸಳ ಅರಸರೂ ತಮ್ಮ ಶಾಸನಗಳಲ್ಲಿ ‘ತಳಕಾಡುಗೊಂಡ’ ಅನ್ನುವ ಬಿರುದನ್ನು ಮುಂದುವರಿಸಿಕೊಂಡು ಹೋದರು. ಹಾಗಾಗಿ ಇದು ಗಟ್ಟಿ ಊಹೆ, ಮುದ್ರೆ ಒತ್ತಿದ ಪ್ರಮಾಣ ಅಲ್ಲ.

ಇದನ್ನು ತೀರ್ಮಾನಿಸೋಕೆ ಏನು ಬೇಕಿತ್ತು ಗೊತ್ತಾ? ಈ ನಾಣ್ಯ ನೆಲದಲ್ಲಿ ಯಾವ ನಾಣ್ಯಗಳ ಜೊತೆ ಸಿಕ್ಕಿತು ಅನ್ನುವ ವಿವರ. ಒಂದೇ ಮಡಕೆಯಲ್ಲಿ ಚಾಲುಕ್ಯರ ನಾಣ್ಯ ಇತ್ತಾ, ಚೋಳರದ್ದು ಇತ್ತಾ, ಎಲ್ಲಕ್ಕಿಂತ ಕೊನೆಯದು ಯಾರದ್ದು? ಇಷ್ಟು ಗೊತ್ತಾದರೆ ಮಡಕೆ ಹೂತಿಟ್ಟ ಕಾಲ ಗೊತ್ತಾಗುತ್ತದೆ. ಸಿಕ್ಕವರು ಹಂಚಿಕೊಂಡು ಒಂದೊಂದಾಗಿ ಮಾರಿದ ದಿನ ಆ ಉತ್ತರ ಕಳೆದುಹೋಯಿತು. ನಾಣ್ಯ ಉಳಿದರೂ ಅದರ ಅರ್ಧ ಮಾತು ಹೋಯಿತು. ಮಾರಾಟಗಾರರನ್ನು ಪೂರ್ವಾಪರ ಕೇಳಿ ಕೇಳಿ ಸುಸ್ತು ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಕೊಳ್ಳುವವರು ಕೇಳದಿದ್ದರೆ ಯಾರೂ ಬರೆದಿಡುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ಹೊಯ್ಸಳ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸಿಂಹದ ಮೇಲೆ ಕತ್ತಿ ಎತ್ತಿದ ಸಳ. ಬೇಲೂರಿನ ಬಾಗಿಲಲ್ಲೇ ಅವನಿದ್ದಾನೆ. ನಾಣ್ಯದಲ್ಲಿ ಸಳ ಇಲ್ಲ, ಸಿಂಹಗಳು ಮಾತ್ರ ಗೆದ್ದು ನಿಂತಿವೆ. ಯಾಕಿರಬಹುದು ಅಂತ ಆಗಾಗ ಯೋಚಿಸುತ್ತಿರುತ್ತೇನೆ.

ಹಳೇಕ್ಯಾಟಲಾಗ್

ತಡವಾಗಿ ಬಂದೆ, ಆದರೆ ಖಾಲಿ ಕೈಯಲ್ಲಿ ಬಂದಿಲ್ಲ.

ನನ್ನ ಹತ್ತಿರ ಹಳೆಯ ಹರಾಜುಗಳ ಕ್ಯಾಟಲಾಗ್‌ಗಳ ರಾಶಿ ಇದೆ. ರಾತ್ರಿ ಕೂತು ‘ತಳಕಾಡುಗೊಂಡ’ ಇರುವ ಪುಟಗಳನ್ನೆಲ್ಲ ತೆಗೆದೆ. ಮೊದಲನೇ ಸಂಗತಿ: ಬೇರೆ ಎರಡು ನಾಣ್ಯಗಳು ಅಕ್ಷರದ ಬದಿಯಲ್ಲಿ ಇದೇ ಅಚ್ಚಿನಿಂದ ಬಂದವು. ‘ಶ್ರೀ’ಯ ಬಾಲ ಪಕ್ಕದ ಚುಕ್ಕಿಗೆ ತಾಗಿರುವುದು ಮೂರರಲ್ಲೂ ಒಂದೇ ರೀತಿ ಇದೆ. ಅಚ್ಚಿನಲ್ಲಿ ಬಿರುಕು ಬಿಟ್ಟು ಕೂದಲೆಳೆಯಂಥ ಉಬ್ಬುಗೆರೆ ಬಂದಿದೆ. ಒಂದರಲ್ಲಿ ಆ ಗೆರೆ ಗಿಡ್ಡ, ಇನ್ನೊಂದರಲ್ಲಿ ಸ್ವಲ್ಪ ಉದ್ದ, ನಿಮ್ಮದರಲ್ಲಿ ಎಲ್ಲಕ್ಕಿಂತ ಉದ್ದ. ಹೊಡೆಯುತ್ತಾ ಹೋದ ಹಾಗೆ ಬಿರುಕು ಬೆಳೆದಿದೆ. ಟಂಕಸಾಲೆಯಲ್ಲಿ ಕೆಲಸ ನಡೆದ ಕ್ರಮವೇ ಕಣ್ಣಿಗೆ ಕಾಣುತ್ತಿದೆ ಅಲ್ವಾ? ಒಂದೇ ನಾಣ್ಯದಿಂದ ಎರಕ ತೆಗೆದಿದ್ದರೆ ಗೆರೆ ಎಲ್ಲದರಲ್ಲೂ ಅಷ್ಟೇ ಉದ್ದ ಇರುತ್ತಿತ್ತು.

ಎರಡನೇ ಸಂಗತಿ ಇನ್ನೂ ದೊಡ್ಡದು. ಹಳೆಯದೊಂದು ಕ್ಯಾಟಲಾಗ್‌ನ ಕಪ್ಪು ಬಿಳುಪು ಫೋಟೊದಲ್ಲಿ ಇರುವುದು ಇದೇ ನಾಣ್ಯ ಅಂತ ನನಗೆ ಅನ್ನಿಸುತ್ತಿದೆ. ಬಿಲ್ಲೆಯ ಆಕಾರ ಅದೇ. ಸಿಂಹದ ಮುಂಗಾಲಿನ ಕೆಳಗೆ ಅಂಚಿನಲ್ಲಿ ಇರುವ ಸಣ್ಣ ಜಜ್ಜು ಅದೇ. ಬಳೆಯ ಎಡಭಾಗ ಹೊರಗೆ ಹೋಗಿರುವುದೂ ಅಷ್ಟೇ. ಎರಡೂ ಪಕ್ಕ ಪಕ್ಕ ಹಾಕಿದ್ದೇನೆ, ನೀವೇ ನೋಡಿ.

ತಕ್ಕಡಿ

ಅದ್ಭುತ ಕೆಲಸ ಸರ್. ಆದರೂ ಒಂದು ಅನುಮಾನ ಎತ್ತಲೇಬೇಕು. ಎರಡು ಫೋಟೊ ಇಷ್ಟು ಹೊಂದಿದರೆ ಎರಡು ಸಾಧ್ಯತೆ. ಒಂದೋ ಅದೇ ನಾಣ್ಯ, ಇಲ್ಲವೇ ಆ ನಾಣ್ಯದಿಂದ ತೆಗೆದ ಎರಕ. ಹಳೆಯ ಕ್ಯಾಟಲಾಗ್‌ನಲ್ಲಿ ತೂಕ ಕೊಟ್ಟಿದ್ದಾರಾ?

ಹಳೇಕ್ಯಾಟಲಾಗ್

ಕೊಟ್ಟಿದ್ದಾರೆ, 3.98 ಗ್ರಾಂ.

ಅಕ್ಕಸಾಲಿಮನೆ

ಎರಕ ತಣ್ಣಗಾಗುವಾಗ ಕುಗ್ಗುತ್ತದೆ. ಅಚ್ಚು ತೆಗೆದು ಎರೆದ ನಾಣ್ಯ ಮೂಲಕ್ಕಿಂತ ಒಂದು ಕೂದಲಷ್ಟಾದರೂ ಚಿಕ್ಕದಾಗುತ್ತದೆ, ತೂಕವೂ ಅಷ್ಟೇ ಬರುವುದು ಕಷ್ಟ. ಅದಕ್ಕಿಂತ ಗಟ್ಟಿ ಸಾಕ್ಷಿ ಗೀರುಗಳು. ಹಳೆಯ ಫೋಟೊದಲ್ಲಿ ಇರುವ ಗೀರುಗಳೆಲ್ಲ ಹೊಸದರಲ್ಲೂ ಅಷ್ಟೇ ಸಣ್ಣಗೆ, ಅಷ್ಟೇ ಚೂಪಾಗಿ ಇರಬೇಕು. ಎರಕದಲ್ಲಿ ಸಣ್ಣ ಗೀರು ಮೊದಲು ಅಳಿಯುತ್ತದೆ. ಹೊಸದರಲ್ಲಿ ಒಂದೆರಡು ಗೀರು ಹೆಚ್ಚಿದ್ದರೆ ಚಿಂತೆ ಇಲ್ಲ, ಕೈಯಿಂದ ಕೈಗೆ ಹೋಗುವಾಗ ಆದದ್ದು.

ನಾನು ದೊಡ್ಡದು ಮಾಡಿ ನೋಡಿದೆ. ಪುಟ್ಟ ಸಿಂಹದ ಬಾಲದ ಹತ್ತಿರದ ಎರಡು ಗೀರು ಎರಡು ಫೋಟೊದಲ್ಲೂ ಸ್ಪಷ್ಟವಾಗಿವೆ. ನನ್ನ ಮನಸ್ಸು ಅದೇ ನಾಣ್ಯ ಅನ್ನುತ್ತದೆ.

ಕಾನೂನುಕಟ್ಟೆ

ಹೊಯ್ಸಳಕಾಸು ಅವರೇ, ಈ ಹೋಲಿಕೆಯನ್ನು ಹರಾಜಿನವರಿಗೆ ಬರವಣಿಗೆಯಲ್ಲಿ ಕಳಿಸಿ. ಬಿಲ್‌ನಲ್ಲಿ ಹಿಂದಿನ ಹರಾಜಿನ ವಿವರವನ್ನೂ ಸೇರಿಸಲು ಹೇಳಿ. ನಾಳೆ ಯಾರಾದರೂ ನಿಧಿ ಅಗೆದದ್ದು ಅಂತ ಪ್ರಶ್ನೆ ಎತ್ತಿದರೆ ಅದೇ ನಿಮ್ಮ ಉತ್ತರ. ನಾಣ್ಯ ನಕಲಿ ಅಂತ ಆಮೇಲೆ ಗೊತ್ತಾದರೆ ಎಷ್ಟು ದಿನದೊಳಗೆ ಹಣ ವಾಪಸ್ ಅನ್ನುವ ಷರತ್ತನ್ನೂ ಓದಿ. ಕೂಗಿದ ಬೆಲೆಯ ಮೇಲೆ ಅವರ ಕಮಿಷನ್, ತೆರಿಗೆ ಬೇರೆ ಇರುತ್ತದೆ. ಅದನ್ನೂ ಸೇರಿಸಿಯೇ ನಿಮ್ಮ ಮಿತಿ ಹಾಕಿಕೊಳ್ಳಿ.

ಕಾವೇರಿತೀರ

ಓದುತ್ತಾ ಇದ್ದೆ. ಒಂದು ಕೇಳಲಾ? ನಿಮಗೆ ಸಿಕ್ಕರೆ ಎರಡೂ ಬದಿಯ ಒಳ್ಳೆಯ ಫೋಟೊ, ತೂಕ, ಅಳತೆ, ಈ ಹಳೆಯ ಕ್ಯಾಟಲಾಗ್‌ನ ವಿವರ ಎಲ್ಲವನ್ನೂ ಎಲ್ಲರಿಗೂ ಸಿಗುವ ಹಾಗೆ ಇಡುತ್ತೀರಾ? ನಾಣ್ಯ ನಿಮ್ಮ ಹತ್ತಿರ ಇರಲಿ. ಮಾಹಿತಿ ಬೀಗದೊಳಗೆ ಹೋಗದಿರಲಿ. ತಲಕಾಡಿನ ಶಾಲೆಗೆ ತರುವ ದಿನ ಹೇಳಿ, ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಹೊಯ್ಸಳಕಾಸು

ಖಂಡಿತ ಅಣ್ಣ. ಸಿಕ್ಕರೂ ಸಿಗದಿದ್ದರೂ ಈ ಹೋಲಿಕೆಯ ಫೋಟೊಗಳನ್ನು ಇಲ್ಲೇ ಉಳಿಸುತ್ತೇನೆ. ಬೇರೆಯವರ ಪಾಲಾದರೆ ಅವರಿಗೂ ಕಳಿಸುತ್ತೇನೆ. ನಾಣ್ಯದ ಜೊತೆಗೇ ಅದು ಹೋಗಬೇಕು.

ಹರಾಜಿನವರಿಗೆ ಪತ್ರ ಹೋಯಿತು. ಹಿಂದಿನ ಹರಾಜಿನ ವಿವರ ಬಿಲ್‌ಗೆ ಸೇರಿಸಲು ಒಪ್ಪಿದರೆ ಮಾತ್ರ ಕೂಗುತ್ತೇನೆ, ಒಪ್ಪದಿದ್ದರೆ ಇಲ್ಲ. ಕಮಿಷನ್ ಸೇರಿಸಿ ಮಿತಿ ಬರೆದು ಮನೆಯಾಕೆಯ ಕೈಗೆ ಕೊಟ್ಟಿದ್ದೇನೆ. ಹರಾಜಿನ ಹಿಂದಿನ ದಿನ ನಾಣ್ಯಗಳನ್ನು ನೋಡಲು ಬಿಡುತ್ತಾರೆ, ಹೋಗುತ್ತೇನೆ. ಅಕ್ಕಸಾಲಿಮನೆಯವರು ಜೊತೆಗೆ ಬರಲು ಸಾಧ್ಯವಾ? ತಕ್ಕಡಿ ಸರ್, ನಿಮ್ಮ ಮಿಲಿಗ್ರಾಂ ತಕ್ಕಡಿ ಒಂದು ದಿನಕ್ಕೆ ಸಿಗುತ್ತದಾ?

ಅಕ್ಕಸಾಲಿಮನೆ

ಬರುತ್ತೇನೆ. ಲೂಪ್ ನನ್ನದೇ ತರುತ್ತೇನೆ.

ತಕ್ಕಡಿ

ತಕ್ಕಡಿ ಕೊಡುತ್ತೇನೆ ಸರ್, ಆದರೆ ನೀರಲ್ಲಿ ಮುಳುಗಿಸಲು ಅವರು ಒಪ್ಪುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಒಪ್ಪಿದರೆ ಶುದ್ಧ ನೀರಿನ ಬಾಟಲಿ, ತೆಳು ನೈಲಾನ್ ದಾರ, ಮೆತ್ತನೆ ಬಟ್ಟೆ ತನ್ನಿ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ, ಮುಳುಗಿಸಿದ ಮೇಲೆ ದಾರವನ್ನು ನಿಧಾನಕ್ಕೆ ಒಮ್ಮೆ ಅಲ್ಲಾಡಿಸಿ. ಮೂರು ಸಲ ತೂಗಿ, ಮೂರೂ ಬರೆದುಕೊಳ್ಳಿ.